ಕೀಲಿ ಹಾಕಿದ ಉಂಡಿ ಡಬ್ಬಿ

ಹೃದಯ ಸೋತಿರಬಹುದು, ಮೂತ್ರಪಿಂಡ ಕೈಕೊಟ್ಟಿರಬಹುದು, ಹೊಟ್ಟೆಯಲ್ಲಿ ಗಡ್ಡೆ ಬೆಳೆದಿರಬಹುದು, ದವಾಖಾನೆಗೆ ಹೋಗುವ ಬಸ್ಸೇ ಕೆಡಬಹುದು. ಸಿಂದಗಿಯಲ್ಲಿದ್ದಾಗ ಪಕ್ಕದ ಮನೆಯ ಸೊಸೆಯನ್ನು ಡಾಕ್ಟರರ ಹತ್ತಿರ ಕರೆದೊಯ್ದ ದಿನ ನನ್ನ ಚಿಂತೆಗಳು ಅವಳಿಗಿಂತ ದಪ್ಪಗಿದ್ದವು.

ಅರ್ಧ ರೊಟ್ಟಿಗೇ ಏಳುತ್ತಿದ್ದ ಅವಳು ಸುಮ್ಮಸುಮ್ಮನೆ ಊದುತ್ತಲೇ ಹೋಗಿದ್ದಳು. "ಕದ್ದು ತಿಂತಾಳ" ಎಂದು ಅತ್ತೆ ಶೇಂಗಾ ಉಂಡಿಯ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. "ನಾ ಏನ್ ತಿಂದೇನ್ರಿ ಅಕ್ಕಾರ?" ಎನ್ನುತ್ತ ಅವಳು ಹೊಟ್ಟೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರರು, "ಕುತ್ತಿಗ್ಯಾಗಿನ ಥೈರಾಯ್ಡ್ ಗ್ರಂಥಿ ಮಂದ ಆಗೇತಿ ತಂಗಿ. ಅದಕ್ಕ ಮೈ ಬಂದೇತಿ. ಗುಳಿಗಿ ತಗೋ" ಎಂದರು.

ಕೆಟ್ಟಿದ್ದು ಅಷ್ಟೇ ಎಂದು ನಾನು ಉಸಿರುಬಿಟ್ಟೆ. ಅವಳು ಅತ್ತೆಗೆ ಫೋನ್ ಹಚ್ಚಿ ಡಾಕ್ಟರರ ಕೈಗಿಟ್ಟಳು.

"ನಾ ಕದ್ದು ತಿಂದಿಲ್ಲಂತ ನೀವ ಹೇಳ್ರಿ ಸಾಹೇಬ್ರ."