ಒಬ್ಬರ ದೋಣಿ

ಅಣ್ಣ ಮೀನು ಹಿಡಿಯುವುದನ್ನು ಕಲಿತದ್ದು ಗಣಿ ಬಿಟ್ಟ ಮೇಲೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಕೆಜಿಎಫ್‌ನ ನೆಲದಡಿಯಲ್ಲಿ, ಬಂಡೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಕೆಲಸ ಮಾಡಿದ್ದ. ಒಂದು ದಿನ ಬಂಡೆ ಸಿಡಿದು ಅವನೂ ಜೊತೆಗಾರರಿಬ್ಬರೂ ಒಳಗೆ ಸಿಕ್ಕಿಕೊಂಡರು. ಒಂದೂವರೆ ದಿನದ ಮೇಲೆ ಮೂವರನ್ನೂ ಹೊರಗೆ ತಂದಾಗ ಉಸಿರಿದ್ದದ್ದು ಅಣ್ಣನಿಗೆ ಮಾತ್ರ. ಎಡಮಂಡಿ ಪುಡಿಯಾಗಿತ್ತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅತ್ತಿಗೆಯೊಡನೆ ಬೇತಮಂಗಲದ ಪಕ್ಕದ ನಮ್ಮ ಹಳ್ಳಿಗೆ ವಾಪಸಾದ. ಎರಡು ಹಸು ಕಟ್ಟಿದರು. ಹಾಲು ಕರೆದು ಡೈರಿಗೆ ಹಾಕುವುದು ಅತ್ತಿಗೆಯ ಪಾಲಾಯಿತು. ಅಣ್ಣ ಕೆರೆ ಹಿಡಿದ.

ಅದು ಎಂಬತ್ತರ ದಶಕದ ನಡುವಿನ ಮಾತು. ನಾನು ಬಂಗಾರಪೇಟೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಭಾನುವಾರ ಹಳ್ಳಿಗೆ ಹೋದರೆ ಅಣ್ಣ ಪಕ್ಕದಲ್ಲಿ ಬಂದು ಕೂರುತ್ತಿದ್ದ. ಮಳೆ, ಹಸು, ಹುಲ್ಲು ಎಂದು ಶುರುವಾದ ಮಾತು ಸ್ವಲ್ಪ ಹೊತ್ತಿಗೆ ಅಲ್ಲಿಗೇ ಇಳಿಯುತ್ತಿತ್ತು. "ಅವತ್ತು ಒಳ್ಗೆ ಲೈಟ್ ಆರೋದ್ಮೇಲೆ..." ಎಂದು ಆರಂಭಿಸುತ್ತಿದ್ದ. ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ, ಇಲ್ಲವೇ ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದೆ. ಸತ್ತ ಇಬ್ಬರೂ ನಮ್ಮ ಮನೆಯಲ್ಲಿ ಉಂಡು ಹೋದವರು. ಅವರ ಕೊನೆಯ ಗಳಿಗೆಗಳನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಊರಿನವರು ಲಾರಿ ಟ್ಯೂಬಿಗೆ ಗಾಳಿ ತುಂಬಿ, ಮೇಲೊಂದು ಹಲಗೆ ಕಟ್ಟಿ, ಕಾಲನ್ನು ನೀರಿಗೆ ಇಳಿಬಿಟ್ಟು ಕೂತು ಬಲೆ ಹಾಕುತ್ತಿದ್ದರು. ಅಣ್ಣನೂ ಹಾಗೇ ಮಾಡಿದ. ಬೆಳಗೆಲ್ಲ ತಣ್ಣೀರಿನಲ್ಲಿದ್ದ ಮಂಡಿ ಸಂಜೆಗೆ ತೆಂಗಿನಕಾಯಿಯಂತೆ ಊದಿಕೊಳ್ಳುತ್ತಿತ್ತು. ಅತ್ತಿಗೆ ಬಿಸಿ ಉಪ್ಪಿನ ಶಾಖ ಕೊಡುತ್ತಾ, "ನೀನಾದ್ರೂ ಏನಾದ್ರೂ ದಾರಿ ಮಾಡಪ್ಪ. ಕೆರೆ ಬಿಡು ಅಂದ್ರೆ ಇವ್ರು ಬಿಡಾಕಿಲ್ಲ" ಎಂದಳು.

ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಹಳೆ ಸಾಮಾನಿನ ಅಂಗಡಿಯೊಂದಿತ್ತು. ಎಲ್ಲಿಯದೋ ಹರಾಜಿನಲ್ಲಿ ಗಾಳಿ ತುಂಬುವ ರಬ್ಬರ್ ದೋಣಿಗಳು ಬಂದಿವೆ ಎಂದು ಕೇಳಿ, ಅಣ್ಣನಿಗೆ ಹೇಳಿ ಕಳಿಸಿದೆ. ಮರುದಿನ ಮೊದಲ ಬಸ್ಸಿಗೇ ಅವನು ಬಂದಿದ್ದ, ಒಗೆದ ಶರ್ಟು ಹಾಕಿಕೊಂಡು.

ದೋಣಿಗಳು ಎರಡಿದ್ದವು, ಬೂದುಬಣ್ಣದವು. ದೊಡ್ಡದರಲ್ಲಿ ಇಬ್ಬರು ಎದುರುಬದುರು ಕೂರಬಹುದು, ಚಿಕ್ಕದು ಒಬ್ಬರಿಗೆ. ಅಂಗಡಿಯ ಮುದುಕರು ಎರಡನ್ನೂ ಅಂಗಳಕ್ಕೆ ಎಳೆದು, ಕಾಲಲ್ಲಿ ತುಳಿಯುವ ಪಂಪಿನಿಂದ ಗಾಳಿ ತುಂಬಿದರು. ಹೊಲಿಗೆಯ ಉದ್ದಕ್ಕೂ ಸೋಪಿನ ನೀರು ಸವರಿದರು. ಎಲ್ಲೂ ಗುಳ್ಳೆ ಏಳಲಿಲ್ಲ.

"ಯಾವ ನೀರಿಗೆ ಇಳಿಸ್ತೀರಿ?" ಎಂದು ಕೇಳಿದರು.

"ಕೆರೇಗೆ ಸಾಮಿ. ಕೋಡಿ ಬಿದ್ರೆ ಕೆಳ್ಗಡೆ ಪಾಲಾರ್ ಒಳೇಗೂ ಇಳಿಸ್ಬೇಕು. ಮೀನು ಅಲ್ಲೇ ಎದುರೇರಾದು" ಎಂದ ಅಣ್ಣ.

"ನಿಂತ ನೀರಿಗೆ ಯಾವ್ದಾದ್ರೂ ನಡೀತದೆ. ಓಡೋ ನೀರಲ್ಲಿ ಬಂಡೆ ಇರ್ತದೆ. ತಳ ದಪ್ಪ ಇರ್ಬೇಕು, ಗಾಳಿ ಬೇರೆ ಬೇರೆ ಅರೇಲಿ ನಿಲ್ಬೇಕು. ದೊಡ್ಡದಕ್ಕೆ ಮೂರು ಅರೆ, ಒಂದು ಒಡೆದ್ರೂ ಎರಡು ಎತ್ತಿ ಹಿಡೀತವೆ. ಚಿಕ್ಕದಕ್ಕೆ ಎರಡೇ. ಓಡೋ ನೀರಲ್ಲಿ ಒಬ್ರು ಹುಟ್ಟು ಹಾಕ್ಬೇಕು, ಒಬ್ರು ಬಲೆ ನೋಡ್ಬೇಕು."

ಅಣ್ಣ ಹೆಬ್ಬೆರಳಿನಿಂದ ಎರಡರ ತಳವನ್ನೂ ಒತ್ತಿ ನೋಡಿದ. ಗಾಳಿ ಮುಚ್ಚುವ ಬಿರಡೆ ತಿರುಗಿಸಿ ನೋಡಿದ. ಆಮೇಲೆ ದೊಡ್ಡ ದೋಣಿಯೊಳಗೆ ಕೂತು ಎಡಗಾಲನ್ನು ಮೆಲ್ಲಗೆ ಉದ್ದಕ್ಕೆ ಚಾಚಿದ. ಅವನ ಮುಖದಲ್ಲಿ ಅಂಥ ನೆಮ್ಮದಿ ಕಂಡು ವರ್ಷಗಳಾಗಿದ್ದವು. ಎದುರಿನ ಜಾಗವನ್ನು ತಟ್ಟಿ, "ಬಾಲಾ, ಕೂತ್ಕಂಡು ನೋಡು" ಎಂದ.

ನಾನು ನಿಂತೇ ಇದ್ದೆ.

"ದೊಡ್ಡದೇ ತಗಳಾನ ಕಣ್ಲಾ. ಭಾನ್ವಾರ ನೀನು ಬತ್ತೀಯಲ್ಲ, ಇಬ್ರೂ ಓಗ್ಬೌದು. ನಡುನೀರಲ್ಲಿ ಯಾರ ಕಾಟಾನೂ ಇರಾಕಿಲ್ಲ, ಕೂತು ಮಾತಾಡ್ಬೌದು."

ಆ ಮಾತೇ ನನ್ನನ್ನು ಹೆದರಿಸಿತು. ನಡುನೀರಿನಲ್ಲಿ ಎದ್ದು ಹೋಗಲು ಜಾಗವಿರುವುದಿಲ್ಲ. ಅವನು ಆರಂಭಿಸಿದರೆ ಕೊನೆತನಕ ಕೇಳಲೇಬೇಕು.

"ಎಲ್ಲಾ ಭಾನ್ವಾರ ನಂಗೆ ಪುರುಸೊತ್ತು ಎಲ್ಲಣ್ಣ" ಎಂದೆ. "ದೊಡ್ಡದನ್ನ ತಲೆಮ್ಯಾಲೆ ಒತ್ಕಂಡು ಆ ಕಾಲಲ್ಲಿ ಕೆರೆಗಂಟ ಎಂಗೆ ಓಗ್ತೀಯ? ಚಿಕ್ಕದು ಅಗುರ. ನಿಂಗೆ ಸಾಕು."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಅವನು ಎದುರಾಡಲಿಲ್ಲ. ಸ್ವಲ್ಪ ಹೊತ್ತು ದೊಡ್ಡ ದೋಣಿಯಲ್ಲೇ ಕೂತಿದ್ದ. ಆಮೇಲೆ ನನ್ನ ಕೈ ಹಿಡಿದು ಎದ್ದು, "ಅದೂ ನಿಜಾನೇ" ಎಂದ. ಚಿಕ್ಕದನ್ನು ಮಡಿಸಿ, ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿದೆವು.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಕೆರೆ ತುಂಬಿ ಕೋಡಿ ಬಿತ್ತು. ಕೆಳಗಡೆ ಪಾಲಾರ್ ಬಂಡೆಗಳ ನಡುವೆ ಬೆಳ್ಳಗೆ ನೊರೆಯೆದ್ದು ಓಡಿತು. ಅಣ್ಣ ಅಲ್ಲಿಗೂ ದೋಣಿ ಇಳಿಸಿದನಂತೆ. ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ದಡದ ಹೊಂಗೆಮರಕ್ಕೆ ಬಿಗಿದಿದ್ದನಂತೆ. ಮರುದಿನ ಕುಂಟುತ್ತಾ ನನ್ನ ಆಫೀಸಿಗೆ ಬಂದ. ಮುತ್ತುಗದ ಎಲೆಯಲ್ಲಿ ಸುತ್ತಿದ ಮೀನು ಮೇಜಿನ ಮೇಲಿಟ್ಟ.

"ನೀರು ಸೆಳ್ಕಂಡ್ಬುಡ್ತು ಕಣ್ಲಾ. ಗಣೀಲಿ ಆಳುಗಳ್ನ ಇಳ್ಸೋ ಕೇಜು ಕೆಳಕ್ಕೆ ಓಗುವಾಗ ಒಟ್ಟೆ ಮ್ಯಾಕ್ಕೆ ಬತ್ತದಲ್ಲ, ಅಂಗೇ ಆಯ್ತು. ಆದ್ರೆ ಇಲ್ಲಿ ಬೆಳಕಿತ್ತು." ನಕ್ಕ. ಆಮೇಲೆ, "ಬರೋ ಭಾನ್ವಾರ ದಡದಾಗೆ ಕೂತಿರಾಕಾದ್ರೂ ಬತ್ತೀಯೇನ್ಲಾ?" ಎಂದು ಕೇಳಿದ.

"ನೋಡ್ತೀನಣ್ಣ" ಎಂದೆ. ಆ ಭಾನುವಾರ ಹೋಗಲಿಲ್ಲ. ಮುಂದಿನದಕ್ಕೂ ಹೋಗಲಿಲ್ಲ.

ಅವನ ಜೀವ ಹೋದದ್ದು ಓಡುವ ನೀರಿನಲ್ಲಲ್ಲ. ಕೋಡಿ ನಿಂತು ತಿಂಗಳ ಮೇಲಾಗಿತ್ತು. ಬೆಳಗಿನ ಹೊತ್ತು ಎಮ್ಮೆ ಮೇಯಿಸಲು ಬಂದ ಹೆಂಗಸೊಬ್ಬಳು ಜೊಂಡಿನ ನಡುವೆ ದೋಣಿ ನಿಂತಿರುವುದನ್ನು ಕಂಡಳು. ಅಣ್ಣ ಒರಗಿ ಕೂತಿದ್ದ, ಬಲೆ ಮಡಿಲಲ್ಲಿತ್ತು. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ಎಮ್ಮೆ ಹೊಡೆದುಕೊಂಡು ಮುಂದೆ ಹೋದಳಂತೆ. ವಾಪಸು ಬರುವಾಗಲೂ ಅವನು ಅಲುಗಿರಲಿಲ್ಲ. ಗುಂಡಿಗೆ ನಿಂತಿದೆ, ಜೊತೆಗೆ ಯಾರಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಆ ಮಾತನ್ನು ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ತಿಥಿ ಮುಗಿದ ಮೇಲೆ ಒಂದು ಸಂಜೆ ಅತ್ತಿಗೆ ಹಿತ್ತಿಲಲ್ಲಿ ಹುಲ್ಲು ಕತ್ತರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ದೋಣೀಲಿ ಒಬ್ರೇ ಮಾತಾಡ್ತಿದ್ರಂತೆ" ಎಂದಳು ಅವಳು. "ದಡದಾಗೆ ಬಟ್ಟೆ ಒಗೆಯೋರು ಏಳಿದ್ರು. ಎದ್ರುಗಡೆ ಯಾರೋ ಕೂತವ್ರೆ ಅನ್ನಂಗೆ, ಕೈ ತಿರುಗಿಸ್ಕಂಡು."

"ಏನು ಮಾತಾಡ್ತಿದ್ನಂತೆ?"

"ನೀರ್ಮೇಲೆ ಮಾತು ಕೇಳ್ತದೆ, ಅರ್ಥ ಆಗಲ್ವಂತೆ." ಕುಡುಗೋಲು ನಿಲ್ಲಿಸಿದಳು. "ಆ ಗಣಿ ಸುದ್ದಿ ನಂಗೂ ಏಳ್ಲಿಲ್ಲ ಕಣಪ್ಪ. ಕೇಳಿದ್ರೆ, 'ನೀನು ಎದ್ರುಕೊಂತೀಯ, ನನ್ ತಮ್ಮ ಗಟ್ಟಿಗ, ಅವ್ನತ್ರ ಏಳ್ತೀನಿ' ಅಂತಿದ್ರು. ನಿಂಗೆ ಏಳಿರ್ಬೇಕಲ್ಲ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೌದು ಎಂದು ತಲೆಯಾಡಿಸಿದೆ.

"ಅಷ್ಟಾದ್ರೂ ಆಯ್ತಲ್ಲ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು. ಅವಳು ಪಾತ್ರೆ ತೆಗೆದುಕೊಂಡು ಹಸುವಿನ ಬಳಿಗೆ ಹೋದಳು. ಅರ್ಧ ಉಳಿದಿದ್ದ ಹುಲ್ಲನ್ನು ನಾನು ಕತ್ತರಿಸಿ ಮುಗಿಸಿದೆ.