ಹಜ್ಜಿಗೆ ಹೋಗಿ ಮರಳದ ಅಜ್ಜ

ಜಿದ್ದಾಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾನು ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮೊಣಕಾಲಿನ ಆಪರೇಷನ್ ಆದವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಹಾಗೆ ನನ್ನ ಕೈಗೆ ಬಂದವರಲ್ಲಿ ಒಬ್ಬರು ಇದೇ ಊರಿನ ವಯಸ್ಸಾದ ಹೆಂಗಸು. ನೋವು ಜಾಸ್ತಿಯಾದರೆ ನನ್ನನ್ನು ಬಯ್ಯುವರು, ಕಡಿಮೆಯಾದರೆ ತಲೆ ಮುಟ್ಟಿ ದುವಾ ಮಾಡುವರು. ಕರೆಯುವುದು ಮಾತ್ರ ಯಾವಾಗಲೂ ‘ಬಿಂತಿ’, ಅಂದರೆ ಮಗಳೇ, ಎಂದು.

ಕೋಲಿಲ್ಲದೆ ನಡೆಯುವಂತಾದ ಮೇಲೆ ಒಂದು ಶುಕ್ರವಾರ ಅವರು ಮನೆಗೆ ಊಟಕ್ಕೆ ಕರೆದರು. ನೆಲದ ಮೇಲೆ ಹಾಸಿದ ಹಾಳೆಯಲ್ಲಿ ಅನ್ನ, ಮಾಂಸ, ಖರ್ಜೂರ ಎಲ್ಲ ಇತ್ತು. ಕೊನೆಗೆ ಅವರೇ ಒಳಗಿನಿಂದ ಒಂದು ಪಾತ್ರೆ ತಂದು ಮುಚ್ಚಳ ತೆಗೆದರು. ಸಾರಿನಲ್ಲಿ ಮುಳುಗಿದ ಅಕ್ಕಿಯ ಪುಟ್ಟ ಪುಟ್ಟ ಉಂಡೆಗಳು. ಒಂದೊಂದರ ನಡುವೆಯೂ ಹೆಬ್ಬೆರಳಿನಿಂದ ಒತ್ತಿದ ಗುಳಿ.

ನಾನು ಕರಾವಳಿಯ ಬ್ಯಾರಿ ಮನೆಯ ಹುಡುಗಿ. ಆ ಗುಳಿಯನ್ನು ಉಮ್ಮ, ಅಂದರೆ ನನ್ನ ಅಮ್ಮ, ಒತ್ತುವುದನ್ನು ನೋಡುತ್ತಲೇ ಬೆಳೆದವಳು.

“ಇದಕ್ಕೆ ಏನು ಹೇಳುತ್ತೀರಿ?” ಎಂದು ನನ್ನ ಅರೆಬರೆ ಅರಬಿಯಲ್ಲಿ ಕೇಳಿದೆ.

“ಬಿಂಡಿ.”

ನಮ್ಮಲ್ಲಿ ಅದು ಪಿಂಡಿ. ಅರಬಿಯಲ್ಲಿ ‘ಪ’ ಇಲ್ಲ. ಇಲ್ಲಿಯವರ ಬಾಯಲ್ಲಿ ಪೆಪ್ಸಿಯೂ ಬೆಬ್ಸಿಯೇ.

“ನಿಮಗೆ ಇದನ್ನು ಕಲಿಸಿದ್ದು ಯಾರು?”

“ನನ್ನ ತಾಯಿ. ಅವಳಿಗೆ ಕಲಿಸಿದ್ದು ನನ್ನ ಅಜ್ಜ, ತಂದೆಯ ತಂದೆ. ಅವರು ಹಿಂದ್‌ನಿಂದ ಹಡಗಿನಲ್ಲಿ ಬಂದವರು. ಎರಡು ನದಿ ಸೇರುವ ಊರಂತೆ. ಉಬ್ಬಿನಂಗಡಿ.”

ಉಪ್ಪಿನಂಗಡಿ! ನೇತ್ರಾವತಿಯೂ ಕುಮಾರಧಾರೆಯೂ ಸೇರುವ, ನನ್ನ ಉಮ್ಮ ಹುಟ್ಟಿದ ಊರು.

ಉಮ್ಮನ ಮನೆಯಲ್ಲಿ ಒಂದು ಕತೆಯಿತ್ತು. ಬ್ರಿಟಿಷರ ಕಾಲದಲ್ಲಿ ಅವರ ಅಜ್ಜನ ಅಣ್ಣ, ಮರದ ಕೆಲಸ ಮಾಡುತ್ತಿದ್ದವರು, ಊರಿನ ಕೆಲವರ ಜೊತೆ ಬೊಂಬಾಯಿಗೆ ಹೋಗಿ ಹಜ್ಜಿನ ಹಡಗು ಹತ್ತಿದರು. ಉಳಿದವರು ಮರಳಿದರು, ಅವರು ಮರಳಲಿಲ್ಲ. ಜಿದ್ದಾದಲ್ಲಿ ಜ್ವರ ಬಂದು ಮಲಗಿದ್ದರು, ಹಡಗು ಕಾಯಲಿಲ್ಲ ಎಂದಷ್ಟೇ ಜೊತೆಗಾರರು ಹೇಳಿದ್ದರು. ಮನೆಯವರು ಕಾದು ಕಾದು, ತೀರಿಹೋದರು ಎಂದುಕೊಂಡರು.

ಅಲ್ಲೇ ಕೂತು ಉಮ್ಮನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಎಲ್ಲ ಹೇಳಿದೆ.

“ಎಂತದು ನೀನು ಹೇಳೂದು? ಸರಿ ಕೇಳಿದ್ಯಾ?” ಎಂದರು ಉಮ್ಮ. ಮತ್ತೆ, “ಅವರ ಬಾಪನ ಹೆಸರು ಕೇಳು. ಬಾಪನ ಬಾಪನದ್ದೂ ಕೇಳು,” ಎಂದರು.

ವಂಶ ಹೇಳುವುದು ಅರಬರಿಗೆ ಉಸಿರಾಡಿದಷ್ಟು ಸಲೀಸು. ನನ್ನ ರೋಗಿ ಬೆನ್ನು ನೇರ ಮಾಡಿ ಕೂತು ಶುರು ಮಾಡಿದರು. ತಂದೆಯ ಹೆಸರು, ಅಜ್ಜನ ಹೆಸರು, ಅಜ್ಜನ ತಂದೆಯ ಹೆಸರು, ಅವರ ತಂದೆಯ ಹೆಸರು. ಅಜ್ಜನ ಹೆಸರು ಕೇಳಿದಾಗಲೇ ಆ ಕಡೆ ಉಮ್ಮ “ಯಾ ಅಲ್ಲಾಹ್” ಎಂದರು. ಮುಂದಿನ ಹೆಸರನ್ನು ಇಬ್ಬರೂ ಒಟ್ಟಿಗೇ ಹೇಳಿದರು. ಒಬ್ಬರದ್ದು ಅರಬಿ ಉಚ್ಚಾರ, ಇನ್ನೊಬ್ಬರದ್ದು ಬ್ಯಾರಿ ಉಚ್ಚಾರ, ಹೆಸರು ಒಂದೇ. ಅದರ ಹಿಂದಿನದ್ದೂ ಒಂದೇ. ಹೊಳೆಯ ಬದಿಯ ಕಬರಸ್ಥಾನದಲ್ಲಿ ಮಲಗಿರುವ ಹಿರಿಯರ ಹೆಸರುಗಳನ್ನು ಕೆಂಪು ಸಮುದ್ರದ ದಡದ ಹೆಂಗಸೊಬ್ಬರು ಬಾಯಿಪಾಠ ಹೇಳುತ್ತಿದ್ದರು.

ಸಂಬಂಧ ಲೆಕ್ಕ ಹಾಕಿದರೆ ಅವರು ಉಮ್ಮನಿಗೆ ಅಕ್ಕನಾಗಬೇಕು. ನನಗೆ ದೊಡ್ಡಮ್ಮ.

ಅಜ್ಜನಿಗೆ ಆಮೇಲೆ ಏನಾಯಿತು ಎಂಬುದನ್ನು ದೊಡ್ಡಮ್ಮನೇ ಹೇಳಿದರು. ಬಂದರಿನ ಹತ್ತಿರದ ಮನೆಯವರು ಅವರನ್ನು ಎತ್ತಿಕೊಂಡು ಹೋಗಿ ಆರೈಕೆ ಮಾಡಿದರು. ಎದ್ದು ಓಡಾಡುವಂತಾದಾಗ ಆ ಮನೆಯ ಮುರಿದ ಬಾಗಿಲನ್ನು ಅಜ್ಜ ರಿಪೇರಿ ಮಾಡಿಕೊಟ್ಟರು. ಅದನ್ನು ನೋಡಿದ ನೆರೆಯವರು ಕೆಲಸ ಕೊಟ್ಟರು. ಕಡೆಗೆ ಆ ಮನೆಯ ಮಗಳನ್ನೇ ಮದುವೆಯಾದರು. ಹಿಂದ್‌ನ ಹಾಜಿಗಳು ಸಿಕ್ಕಾಗಲೆಲ್ಲ ಊರಿಗೆ ಸುದ್ದಿ ಹೇಳಿ ಕಳಿಸುತ್ತಿದ್ದರಂತೆ. ಒಂದೂ ಮುಟ್ಟಲಿಲ್ಲ.

ಮುಂದಿನ ವಾರ ಅವರ ಮಗಳು ಕಾರಿನಲ್ಲಿ ನಮ್ಮನ್ನು ಹಳೇ ಪೇಟೆಗೆ ಕರೆದುಕೊಂಡು ಹೋದಳು. ಇಕ್ಕಟ್ಟಾದ ಓಣಿಯಲ್ಲಿ ಎತ್ತರದ ಮನೆಯೊಂದರ ಗೋಡೆಯಿಂದ ಮರದ ಜಾಲರಿ ಕಿಟಕಿ ಹೊರಕ್ಕೆ ಚಾಚಿಕೊಂಡಿತ್ತು. “ನನ್ನ ಅಜ್ಜನ ಕೈಕೆಲಸ,” ಎಂದರು ದೊಡ್ಡಮ್ಮ. “ಮರವೂ ನಿಮ್ಮ ಕಡೆಯದೇ, ತೇಗ. ಅದೂ ಹಡಗಿನಲ್ಲಿ ಬಂದದ್ದು.” ಬಣ್ಣ ಹೋಗಿತ್ತು, ಅಂಚಿನ ಹೂವಿನ ಕೆತ್ತನೆ ಹೋಗಿರಲಿಲ್ಲ. ಕತ್ತು ನೋಯುವವರೆಗೆ ನೋಡಿದೆ.

ಚಳಿಗಾಲದಲ್ಲಿ ಉಮ್ಮ ಮಕ್ಕಾದ ಉಮ್ರಾ ಯಾತ್ರೆಗೆ ಬಂದರು. ಜಿದ್ದಾದಲ್ಲಿ ಇಳಿದವರನ್ನು ದೊಡ್ಡಮ್ಮ ನನ್ನ ಮನೆಗೆ ಬರಲೂ ಬಿಡದೆ ತಮ್ಮಲ್ಲಿಗೇ ಕರೆಸಿಕೊಂಡರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಕೈ ಹಿಡಿದುಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ಜನ ಬರತೊಡಗಿದರು. ಮಕ್ಕಳು, ಮೊಮ್ಮಕ್ಕಳು, ತಾಯಿಫ್‌ನಿಂದ, ಮದೀನಾದಿಂದ. ಚಾವಡಿ ತುಂಬಿತು, ಅಂಗಳ ತುಂಬಿತು.

“ಇವರೆಲ್ಲ ಯಾರು ಮಗಳೇ?” ಉಮ್ಮ ನನ್ನ ಕಿವಿಯಲ್ಲಿ ಕೇಳಿದರು.

“ಎಲ್ಲ ಆ ಅಜ್ಜನವರೇ, ಉಮ್ಮ.”

ಉಮ್ಮ ಸುತ್ತ ಕಣ್ಣು ಹಾಯಿಸಿದರು. “ನಾವಲ್ಲಿ ತೀರಿಹೋದವರೆಂದು ಅವರಿಗೆ ಯಾಸೀನ್ ಓದಿಸ್ತಾ ಇದ್ದೆವು. ಅವರಿಲ್ಲಿ ಒಂದು ಊರನ್ನೇ ಮಾಡಿ ಹೋಗಿದ್ದಾರಲ್ಲ!”

ಅಷ್ಟರಲ್ಲಿ ದೊಡ್ಡಮ್ಮ ಏನೋ ಹೇಳಿದರು. ಹೆಂಗಸರೂ ಮಕ್ಕಳೂ ಒಬ್ಬೊಬ್ಬರಾಗಿ ಬಂದು, ಬಾಗಿ, ಇಲ್ಲಿ ಮನೆಯ ಹಿರಿಯರಿಗೆ ಮಾಡುವಂತೆ ನನ್ನ ಉಮ್ಮನ ಹಣೆಗೆ ಮುತ್ತಿಟ್ಟು ಹೋದರು.