ತಿರುವಿನಲ್ಲಿ ನಿಲ್ಲುತ್ತಿದ್ದ ಯಂತ್ರ

ಆ ಫೋರ್‌ಮನ್ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ‘ಟೇಪಿನಾಕಿ’ ಎನ್ನುತ್ತಿದ್ದ, ಅದೂ ನನ್ನ ಕಡೆ ನೋಡದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದ ನಾನು ಕುರುಗೋಡಿನಿಂದ ದಿನಾ ಬಸ್ಸು ಹಿಡಿದು ಬಳ್ಳಾರಿಯ ಒಂದು ವರ್ಕ್‌ಶಾಪಿಗೆ ಬರುತ್ತಿದ್ದೆ. ನೀರೆತ್ತುವ ಪಂಪಿನೊಳಗೆ ತಿರುಗುವ ಚಕ್ರವನ್ನು ಎರಕ ಹೊಯ್ಯಲು ಬೇಕಾದ ಅಲ್ಯೂಮಿನಿಯಂ ಅಚ್ಚುಗಳನ್ನು ಅಲ್ಲಿ ಮಾಡುತ್ತಿದ್ದರು. ವರ್ಕ್‌ಶಾಪಿನ ಒಡೆಯರಾದ ಸಾವ್ಕಾರರು ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಲೋಹ ಕೆತ್ತುವ ಸಿಎನ್‌ಸಿ ಮಿಲ್ಲಿಂಗ್ ಯಂತ್ರವೊಂದನ್ನು ತರಿಸಿದ್ದರು. ಕಟರ್ ಎಲ್ಲಿಗೆ ಹೋಗಬೇಕು, ಎಷ್ಟು ವೇಗದಲ್ಲಿ ಹೋಗಬೇಕು ಎಂಬುದನ್ನು ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಅದಕ್ಕೆ ತಿನ್ನಿಸಬೇಕಿತ್ತು. ಆ ಟೇಪು ಸಿದ್ಧಮಾಡುವುದು ನನ್ನ ಕೆಲಸ. ಯಂತ್ರ ನಡೆಸುವುದು ಫೋರ್‌ಮನ್ನನ ಕೆಲಸ. ಸಿರುಗುಪ್ಪ ಕಡೆಯ ಆತ ಲೇತಿನ ಮುಂದೆಯೇ ತಲೆ ನರೆಸಿಕೊಂಡವನು.

ಮೊದಲ ವಾರವೇ ಯಂತ್ರದ ಹತ್ತಿರ ನಾನು ಕೂರುತ್ತಿದ್ದ ಸ್ಟೂಲನ್ನು ಎತ್ತಿಸಿಬಿಟ್ಟ.

“ಹೆಣ್ಮಕ್ಕಳು ಮಷೀನಿನ ಹಂತ್ಯಾಕ ಬರಬಾರದು. ಸೀರಿ ಸಿಕ್ಕೊಂಡ್ರ ನಾ ಜವಾಬ್ದಾರ ಅಲ್ಲ,” ಎಂದ. ಉಳಿದವರು ನಕ್ಕರು. ಅವರ ನಗು ನನಗೆ ಇವತ್ತಿಗೂ ಕ್ಷಮಿಸಲು ಬಂದಿಲ್ಲ.

ತೊಂದರೆ ಶುರುವಾದದ್ದು ಪಂಪಿನ ಚಕ್ರದ ರೆಕ್ಕೆಯಿಂದ. ಆ ರೆಕ್ಕೆಗೆ ನೇರ ಗೆರೆ ಎಂಬುದೇ ಇಲ್ಲ. ಒಳಗಿನಿಂದ ಹೊರಕ್ಕೆ ಬಳುಕುತ್ತಾ ಹೋಗುತ್ತದೆ. ಬಳುಕು ನಯವಾಗಿ ಬರಲೆಂದು ಅದನ್ನು ಹತ್ತಿರ ಹತ್ತಿರದ ಬಿಂದುಗಳಾಗಿ ಒಡೆದು, ಬಿಂದುವಿನಿಂದ ಬಿಂದುವಿಗೆ ಪುಟ್ಟ ನೇರ ಗೆರೆಗಳನ್ನು ಕೊಡುತ್ತಿದ್ದೆವು. ಆಗಿನ ಪದ್ಧತಿಯೇ ಅದು. ಆದರೆ ತಿರುವು ಬಂದಾಗಲೆಲ್ಲ ಯಂತ್ರ ತೊದಲುತ್ತಿತ್ತು. ಸ್ವಲ್ಪ ಹೋಗುವುದು, ನಿಲ್ಲುವುದು, ಮತ್ತೆ ಹೋಗುವುದು. ನಿಂತ ಕಡೆಯೆಲ್ಲ ಅಲ್ಯೂಮಿನಿಯಂ ಮೇಲೆ ಗೀರು. ಬೆಳಿಗ್ಗೆ ಹಚ್ಚಿದ ಕೆಲಸ ಸಂಜೆಗೂ ಮುಗಿಯುತ್ತಿರಲಿಲ್ಲ.

ಸಿರುಗುಪ್ಪದ ಪಂಪಿನ ವ್ಯಾಪಾರಿಯೊಬ್ಬರು ತಮ್ಮ ಅಚ್ಚು ನೋಡಲು ಬಂದ ದಿನ ಫೋರ್‌ಮನ್ ವೇಗದ ಗುಂಡಿಯನ್ನು ಪೂರ್ತಿ ತಿರುಗಿಸಿದ. ತಿರುವಿನಲ್ಲಿ ಯಂತ್ರ ಮೊದಲಿನಂತೆಯೇ ತೊದಲಿತು. ತಿರುವು ದಾಟಿ ಅಚ್ಚಿನ ಅಂಚಿನ ಉದ್ದದ ಗೆರೆಗೆ ಬಂದದ್ದೇ ಮುಂದಕ್ಕೆ ನುಗ್ಗಿ, ಅಚ್ಚನ್ನು ಬಗೆದು, ಕಟರ್ ಮುರಿಯಿತು. ಸದ್ದಿಗೆ ಸಾವ್ಕಾರರು ಒಳಗೆ ಬರುವಷ್ಟರಲ್ಲಿ ಅವನ ಕೈ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಆಗಿತ್ತು. ನಾನು ಕಣ್ಣಾರೆ ಕಂಡೆ.

“ಟೇಪು ಕೆಟ್ಟೈತ್ರಿ ಸಾವ್ಕಾರ್ರ. ಈಕಿಗೆ ಏನ್ ತಿಳೀತೈತಿ?” ಎಂದ.

“ಗುಂಡಿ ಪೂರ್ತಿ ಏರಿಸಿದ್ರು ಇವ್ರು. ಈಗ ಇಳಿಸ್ಯಾರ,” ಎಂದೆ ನಾನು.

“ಸುಳ್ಳು ಹೇಳ್ತಿಯೇನಬೇ?” ಎಂದು ಫೋರ್‌ಮನ್ ಗದರಿದ.

ಸಾವ್ಕಾರರು ಗುಂಡಿ ನೋಡಿದರು. ಅದು ಇರಬೇಕಾದಲ್ಲೇ ಇತ್ತು. ವ್ಯಾಪಾರಿಯ ಎದುರೇ ನನಗೆ, “ನಾಳಿಂದ ಸರಿಯಾಗಿ ಮಾಡಮ್ಮ,” ಎಂದು ಹೊರಟುಹೋದರು. ಬಸ್ಸಿನಲ್ಲಿ ಕುರುಗೋಡು ಮುಟ್ಟುವವರೆಗೂ ಹಲ್ಲು ಕಚ್ಚಿ ಕೂತಿದ್ದೆ.

ಮರುದಿನ ಅವನ ಮಾತು ಲೆಕ್ಕಿಸದೆ ಯಂತ್ರದ ಪಕ್ಕ ಹೋಗಿ ನಿಂತೆ. ಅವನು ಬೈದ. ನಾನು ಕದಲಲಿಲ್ಲ. ನಿಂತು ಕೇಳಿಸಿಕೊಂಡಾಗ ವಿಷಯ ಹೊಳೆಯಿತು. ಅಚ್ಚನ್ನು ಹೊತ್ತು ಸರಿಯುವ ಯಂತ್ರದ ಮೇಜು ನಿಂತಾಗಲೂ ಟೇಪು ಓದುವ ಪೆಟ್ಟಿಗೆ ಕಟಕಟ ಎನ್ನುತ್ತಲೇ ಇತ್ತು. ಪುಟ್ಟ ಗೆರೆಯನ್ನು ಕಟರ್ ಕ್ಷಣದಲ್ಲಿ ಮುಗಿಸಿಬಿಡುತ್ತಿತ್ತು. ಮುಂದಿನ ಗೆರೆಯನ್ನು ಯಂತ್ರ ಇನ್ನೂ ಓದುತ್ತಿರುತ್ತಿತ್ತು. ಓದುವವರೆಗೆ ಕಟರ್ ಕಾಯಬೇಕು. ಗುಂಡಿ ಎಷ್ಟು ತಿರುಗಿಸಿದರೂ ಆ ಕಾಯುವಿಕೆ ಕಡಿಮೆಯಾಗದು.

ಪುಟ್ಟ ಗೆರೆಗಳನ್ನೇ ಕೈಬಿಟ್ಟೆ. ರೆಕ್ಕೆಯ ಆಕಾರವನ್ನು ಡ್ರಾಯಿಂಗ್ ಹಾಳೆಯ ಮೇಲೆ ಹಲವು ಪಟ್ಟು ದೊಡ್ಡದಾಗಿ ಬರೆದು, ಒಂದರ ಬಾಲಕ್ಕೆ ಇನ್ನೊಂದು ನಯವಾಗಿ ಕೂಡುವಂಥ ಕೆಲವೇ ವೃತ್ತದ ತುಂಡುಗಳನ್ನಾಗಿ ಮಾಡಿದೆ. ವೃತ್ತದ ತುಂಡು ಎಷ್ಟೇ ಉದ್ದವಿದ್ದರೂ ಯಂತ್ರಕ್ಕೆ ಓದಲು ಒಂದೇ ಸಾಲು. ಕೇಂದ್ರಗಳ ಲೆಕ್ಕ ಹಾಕಿ ಹಾಕಿ ಕಣ್ಣು ಉರಿಯಿತು. ಹೊಸ ಟೇಪು ಬೆರಳಿನಷ್ಟೂ ದಪ್ಪವಿರದ ಸುರುಳಿಯಾಯಿತು.

ಅದನ್ನು ಫೋರ್‌ಮನ್ನನ ಕೈಗೆ ಕೊಡಲಿಲ್ಲ. ನೇರ ಸಾವ್ಕಾರರ ಕೋಣೆಗೆ ಹೋಗಿ, “ಇದನ್ನ ನಾನ ನಡೆಸ್ತೀನ್ರಿ. ಆಗಂಗಿಲ್ಲ ಅಂದ್ರ ಇವತ್ತ ಬಿಟ್ಟು ಹೋಗ್ತೀನಿ,” ಎಂದೆ.

ಫೋರ್‌ಮನ್ ಬಾಗಿಲಲ್ಲೇ ಇದ್ದ. “ಮುರೀತಂದ್ರ ಈಕಿ ನಾಳಿಂದ ಬರಬಾರದು,” ಎಂದ.

“ಮುರೀಲಿಲ್ಲಂದ್ರ?” ಎಂದೆ.

ಸಾವ್ಕಾರರು ಹೂಂ ಎಂದರು. ಫೋರ್‌ಮನ್ ಕೈಕಟ್ಟಿ ನಿಂತ. ಯಂತ್ರ ಶುರುವಾಯಿತು. ತಿರುವು ಬಂತು, ಅದು ನಿಲ್ಲಲಿಲ್ಲ. ಮೇಜು ಎಣ್ಣೆ ಹರಿದಂತೆ ಬಳಸಿಕೊಂಡು ಹೋಯಿತು. ಗುಂಡಿಯನ್ನು ನಾನೇ ಒಂದಿಷ್ಟು ಏರಿಸಿದೆ, ಆಗಲೂ ತೊದಲಲಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ರೆಕ್ಕೆ ಮುಗಿದಿತ್ತು. ಸಾವ್ಕಾರರು ಏನೂ ಹೊಗಳಲಿಲ್ಲ. ಯಂತ್ರದ ಕೋಣೆಯ ಬೀಗದ ಕೈ ನನ್ನ ಕೈಗೆ ಕೊಟ್ಟರು.

ಆಮೇಲಿನದು ಇನ್ನೂ ಹೊಲಸು. ‘ಟೇಪಿನಾಕಿ ಸಾವ್ಕಾರನ ತಲಿ ಕೆಡಿಸ್ಯಾಳ’ ಎಂದು ಅವನು ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಕೂತು ಹೇಳಿದ. ಮಾತು ಬಸ್ಸು ಹತ್ತಿ ನನಗಿಂತ ಮೊದಲೇ ಕುರುಗೋಡು ಸೇರಿತು. ಅವ್ವ ಒಂದು ಸಂಜೆ ತಟ್ಟೆಗೆ ರೊಟ್ಟಿ ಹಾಕುತ್ತಾ, “ಕೆಲಸ ಬಿಟ್ಬಿಡು, ಸಾಕು,” ಎಂದಳು. “ನಾನು ಬಿಟ್ರ ಅವ್ನ ಮಾತು ಖರೆ ಆಗ್ತೈತಿ ಬೇ,” ಎಂದೆ. ಅವ್ವ ಮತ್ತೆ ಕೇಳಲಿಲ್ಲ. ಆದರೆ ಬಹಳ ದಿನ ನನ್ನ ಮುಖ ನೋಡಿ ಮಾತಾಡಲೂ ಇಲ್ಲ. ಅದಕ್ಕೂ ಅವನೇ ಕಾರಣ.

ವರ್ಷ ತುಂಬುವುದರೊಳಗೆ ಅವನು ಬಿಟ್ಟುಹೋಗಿ ಸಿರುಗುಪ್ಪದಲ್ಲಿ ಸ್ವಂತ ವರ್ಕ್‌ಶಾಪು ಹಾಕಿದ. ಮುಂದೊಂದು ಬೇಸಿಗೆಯಲ್ಲಿ, ಕೈಯಿಂದ ಮಾಡಲಾಗದ ತಿರುವಿನ ಅಚ್ಚೊಂದರ ನಕ್ಷೆ ಹಿಡಿದುಕೊಂಡು ನಮ್ಮಲ್ಲಿಗೇ ಬಂದ. ಸಾವ್ಕಾರರು ಕೆಲಸ ಒಪ್ಪಿಕೊಂಡರು. ನಾನು ಮಾಡಿದೆ, ಸೊಟ್ಟ ಮಾಡದೆ, ಚೆನ್ನಾಗಿಯೇ ಮಾಡಿದೆ. ಒಯ್ಯಲು ಬಂದಾಗ ಅವನು ಅಚ್ಚಿನ ಬಳುಕಿನ ಮೇಲೆ ಹೆಬ್ಬೆರಳ ಉಗುರು ಎಳೆದು ಗೀರು ಹುಡುಕಿದ. ಮತ್ತೆ ಎಳೆದ. ಸಿಗಲಿಲ್ಲ.

“ನಡೀತೈತಿ,” ಎಂದ, ಗೋಡೆಗೆ ಹೇಳುವಂತೆ.

ಆಗಷ್ಟೇ ಹೋಟೆಲಿನವನು ಎಲ್ಲರಿಗೂ ಚಹಾ ತಂದಿದ್ದ. ಒಂದು ಗ್ಲಾಸು ಹೆಚ್ಚಿಗೆ ಇತ್ತು. ಅವನು ಅದನ್ನು ನೋಡಿದ. ನಾನು ಅದನ್ನು ತಿರುಗಿ ಒಯ್ಯಲು ಹೋಟೆಲಿನವನಿಗೆ ಹೇಳಿದೆ.